ಹಾರುಕಪ್ಪೆ ಫೋಟೋಕ್ಕೆ ಅಂತ ನೊರೆಗೂಡಿನ ಕೊಂಬೆಯನ್ನೇ ಕಡಿದು ತಂದಿದ್ದಾರೆ, ಈಗ ಎಂತ ಮಾಡೋದು?

ತುಂಗೆದಡ · ಜೂನ್ 14, ರಾತ್ರಿ 9:40

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಹಿತ್ತಿಲಲ್ಲಿ ತೋಟದ ಹೊಂಡ, ಅದರ ಮೇಲೆ ಬಗ್ಗಿಕೊಂಡ ಒಂದು ನೇರಳೆ ಮರ. ಮೃಗಶಿರೆ ಹಿಡಿದ ಮೂರನೇ ದಿನ ಹಾರುಕಪ್ಪೆ ಬಂದವು. ಪ್ರತಿವರ್ಷ ಬರ್ತವೆ. ರಾತ್ರಿ ಯಾರೋ ನಾಲಗೆ ಲೊಟಗುಟ್ಟಿಸಿದ ಹಾಗೆ ಟಕ್ ಟಕ್ ಟಕ್ ಅಂತ ಕೂಗು.

ಈ ಸಲ ಚಿಕ್ಕಪ್ಪನ ಹಳೇ ಡಿಎಸ್‌ಎಲ್‌ಆರ್ ಸಿಕ್ಕಿದೆ, ಅದರ ಜೊತೆ ಬಂದ 18-55 ಲೆನ್ಸ್ ಮಾತ್ರ ಇದೆ. ತೆಗೆದ ಎಲ್ಲಾ ಫೋಟೋದಲ್ಲೂ ಕಪ್ಪೆ ಬೆನ್ನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಹೊಳಪು. ಹಸಿರು ಬಣ್ಣವೇ ಕಾಣಲ್ಲ. ಇದು ಮೊದಲನೇ ಪ್ರಶ್ನೆ.

ಎರಡನೇದು ಗಂಭೀರ. ಬೆಂಗಳೂರಿಂದ ಬಂದಿದ್ದ ನಮ್ಮ ಭಾವ, ಹೊಂಡದ ಹತ್ರ ಹಿನ್ನೆಲೆ ಸರಿ ಬರಲ್ಲ ಅಂತ ನೊರೆಗೂಡು (ಕಪ್ಪೆ ನೊರೆ ಕಟ್ಟಿ ಅದರೊಳಗೆ ಮೊಟ್ಟೆ ಇಟ್ಟದ್ದು) ಇದ್ದ ಕೊಂಬೆಯನ್ನೇ ಕತ್ತಿಯಲ್ಲಿ ಕಡಿದು ಜಗಲಿಗೆ ತಂದ. ಕರಿ ಕಂಬಳಿ ಹಿಂದೆ ಹಿಡಿಸಿ ಅರವತ್ತು ಫೋಟೋ ಹೊಡೆದ. ರಾತ್ರಿ ಬಸ್ಸಿಗೆ ಹೊರಟೂ ಹೋದ. ಕೊಂಬೆ ಈಗ ನಮ್ಮ ಬಚ್ಚಲಲ್ಲಿ ಬಕೆಟ್ಟಿನಲ್ಲಿದೆ. ನೊರೆಯ ಮೇಲ್ಪದರ ಹಪ್ಪಳದ ಹಾಗೆ ಒಣಗ್ತಿದೆ. ಅಮ್ಮ ಮಾತು ಬಿಟ್ಟಿದ್ದಾಳೆ. ಮೊಟ್ಟೆ ಉಳಿಯುತ್ತಾ?

ಬಯಲುಸೀಮೆ ಹುಡುಗ · 9:44

ಫೋಟೋ ಹಾಕು ಗುರು ಮೊದ್ಲು

ಉಂಬಳೇಶ್ವರ · 9:52

ಫೋಟೋ ಆಮೇಲೆ ಹಾಕಿದ್ರಾಯ್ತು ಮಾರಾಯ. ಮೇಲ್ಪದರ ಒಣಗೋದು ಸಹಜ, ಹೆದರಬೇಡ. ಒಳಗೆ ಒದ್ದೆ ಇರ್ಲಿ ಅಂತಲೇ ಹೊರಗಿನದು ಗಟ್ಟಿಯಾಗೋದು. ನಿಜವಾದ ತೊಂದರೆ ಬೇರೆ. ಆ ಕಪ್ಪೆ ನೀರಿನ ಮೇಲೆ ಬಾಗಿದ ಕೊಂಬೆಯನ್ನೇ ಹುಡುಕಿ ಗೂಡು ಮಾಡಿರ್ತದೆ. ಗೊದಮೊಟ್ಟೆ ಆದಮೇಲೆ ನೊರೆ ಕರಗಿ ಮರಿಗಳು ಸೀದಾ ಕೆಳಗಿನ ನೀರಿಗೆ ಬೀಳಬೇಕು. ನಿಮ್ಮ ಬಚ್ಚಲಲ್ಲಿ ಬಿದ್ದರೆ ಸೀದಾ ಮೋರಿಗೆ.

ಈಗಲೇ ಟಾರ್ಚ್ ತಗೊಂಡು ಹೋಗಿ ಅದೇ ಮರಕ್ಕೆ, ಅದೇ ಎತ್ತರಕ್ಕೆ, ಕೆಳಗೆ ನೀರು ಇರೋ ಕಡೆಗೇ ಕಟ್ಟು.

ಅಡಿಕೆಮನೆ · 9:58

ಕಡಿದ ಕೊಂಬೆ ಅಲ್ವಾ, ಮೂರು ದಿನಕ್ಕೆ ಎಲೆ ಬಾಡಿ ಉದುರಿ ಗೂಡೂ ಜೊತೆಗೇ ಬೀಳ್ತದೆ. ಕೊಂಬೆ ಬುಡವನ್ನು ನೀರು ತುಂಬಿದ ಬಾಟಲಿಗೆ ಸಿಕ್ಕಿಸಿ ಬಾಟಲಿ ಸಮೇತ ಕಟ್ಟಿ. ಎಲೆ ವಾರ ತಡೀತದೆ.

ಮಲ್ಲಿಗೆ ಬಳ್ಳಿ · 10:03

ದಿನಾ ಎರಡು ಸಲ ಚೆನ್ನಾಗಿ ನೀರು ಹಾಕ್ತಾ ಇರಿ ಗೂಡಿಗೆ.

ಉಂಬಳೇಶ್ವರ · 10:05

ಅಯ್ಯೋ ಬೇಡ!! ಮೇಲಿಂದ ನೀರು ಸುರಿದರೆ ನೊರೆ ಅವಧಿಗೆ ಮೊದಲೇ ಕರಗಿಹೋಗ್ತದೆ. ಹೊರಗೆ ಮಳೆ ಹೊಡೀತಾ ಇದೆ, ಎಲೆ ಮರೆಯಲ್ಲಿ ಇಟ್ರೆ ಸಾಕು.

ತುಂಗೆದಡ · 10:50

ಕಟ್ಟಿ ಬಂದೆ. ಮೊದಲು ಬಾಳೆನಾರಲ್ಲಿ ಕಟ್ಟಿದೆ, ಮಳೆಗೆ ಜಾರಿತು. ಆಮೇಲೆ ಮೋಟಾರಿನ ಹಳೇ ವೈರು ಸುತ್ತಿದೆ. ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಒಂದು ಕೈಲಿ ಮರ ಹಿಡಿದು ಕಟ್ಟುವಾಗ ಮೊಣಕೈ ಹತ್ರವೇ ಒಂದು ಗಂಡು ಕೂತಿತ್ತು. ಕದಲಲಿಲ್ಲ. ಗಂಟಲು ಉಬ್ಬಿಸಿ ಇಳಿಸಿ ನನ್ನನ್ನೇ ನೋಡ್ತಿತ್ತು. ಕಾಲಿಗೆ ಏಳು ಉಂಬಳ (ಜಿಗಣೆ).

ಬಯಲುಸೀಮೆ ಹುಡುಗ · 10:52

ಅದರ ಫೋಟೋ ತೆಗೆದ್ಯಾ

ತುಂಗೆದಡ · 10:53

ಯಾವ ಕೈಲಿ ತೆಗೀಲಿ?

ಕ್ಲಿಕ್ಕಪ್ಪ · ಜೂನ್ 15, ಬೆಳಿಗ್ಗೆ 7:15

ಗೂಡು ಕಡಿದದ್ದು ತಪ್ಪು, ಒಪ್ಪಿದೆ. ಆದರೆ ಇಲ್ಲಿ ಕೆಲವರು ಕಪ್ಪೆ ಮುಟ್ಟೋದೇ ಪಾಪ ಅನ್ನೋ ಹಾಗೆ ಬರೀತಾರೆ, ಅದು ಅತಿಯಾಯ್ತು. ಕೆಸರಲ್ಲಿರೋ ಕಪ್ಪೇನ ಎತ್ತಿ ಒಂದು ಪಾಚಿ ಕಲ್ಲಿನ ಮೇಲೆ ಕೂರಿಸಿ ನಾಲ್ಕು ಫೋಟೋ ತೆಗೆದು ವಾಪಸ್ ಬಿಟ್ಟರೆ ಪ್ರಪಂಚ ಮುಳುಗಲ್ಲ. ನೋಡೋಕೆ ಚಂದ ಇದ್ರೆ ತಾನೇ ಜನ ಕಪ್ಪೆ ಉಳಿಸಬೇಕು ಅನ್ನೋದು? ಬಹುಮಾನ ಬಂದ ಎಷ್ಟೋ ಫೋಟೋ ಹಾಗೇ ತೆಗೆದದ್ದು, ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ.

ಮಣ್ಣುಮುಕ್ಕ · 7:48

ಕ್ಲಿಕ್ಕಪ್ಪ, ನಾನು ಹತ್ತು ವರ್ಷ ಹಾಗೇ ಮಾಡಿದೋನು. ಅದಕ್ಕೇ ಹೇಳ್ತಿದೀನಿ.

ಕಪ್ಪೆ ಚರ್ಮದಲ್ಲೂ ಉಸಿರಾಡ್ತದೆ, ನೀರು ಕುಡಿಯೋದೂ ಚರ್ಮದಿಂದಲೇ. ನಾವು ಉಂಬಳಕ್ಕೆ ಅಂತ ಕೈಗೆ ಸುಣ್ಣ-ಹೊಗೆಸೊಪ್ಪು, ಸೊಳ್ಳೆಗೆ ಮುಲಾಮು, ಮಂಗನ ಕಾಯಿಲೆ ಹರಡೋ ಉಣ್ಣೆ ಹತ್ತದಿರಲಿ ಅಂತ ಡೇಪಾ ಎಣ್ಣೆ ಎಲ್ಲಾ ಬಳಕೊಂಡಿರ್ತೀವಿ. ಅದೇ ಕೈಲಿ ಎತ್ತಿದರೆ ಅಷ್ಟೂ ಅದರ ಮೈಯೊಳಗೆ. ಎತ್ತಿದ ಕೂಡಲೇ ಪಿಚಕ್ ಅಂತ ನೀರು ಬಿಡ್ತದಲ್ಲ, ಅದು ಬರೀ ಉಚ್ಚೆ ಅಲ್ಲ, ಬರಗಾಲಕ್ಕೆ ಅಂತ ಚೀಲದಲ್ಲಿ ಕೂಡಿಟ್ಟ ನೀರು. ಮಳೆಗಾಲದಲ್ಲಿ ಮತ್ತೆ ತುಂಬಿಕೊಂಡೀತು, ಮಾರ್ಚ್ ತಿಂಗಳಲ್ಲಾದರೆ ಅದೇ ಅದರ ಪ್ರಾಣ.

ಇನ್ನೊಂದು ಕೈಟ್ರಿಡ್ ಶಿಲೀಂಧ್ರ. ಕಪ್ಪೆ ಚರ್ಮಕ್ಕೆ ಹತ್ತೋ ರೋಗ, ಪ್ರಪಂಚದ ಎಷ್ಟೋ ಕಡೆ ಕಪ್ಪೆ ಸಂತತಿಯನ್ನೇ ತೊಳೆದು ಹಾಕಿದೆ, ಪಶ್ಚಿಮಘಟ್ಟದಲ್ಲೂ ಇರೋದು ಗೊತ್ತಾಗಿದೆ. ಒಂದು ಹಳ್ಳದ ಕಪ್ಪೆ ಮುಟ್ಟಿದ ಕೈ, ಅದೇ ಕೆಸರಿನ ಬೂಟು ಇನ್ನೊಂದು ಹಳ್ಳಕ್ಕೆ ಹೋಗೋ ಮುಂಚೆ ತೊಳೆದು ಒಣಗಬೇಕು. ನಮ್ಮಲ್ಲಿ ಯಾರು ತೊಳೀತಾರೆ ಹೇಳಿ? ಒಂದೇ ರಾತ್ರಿ ನಾಲ್ಕು ಹಳ್ಳ ಸುತ್ತೋದೇ ಹೆಚ್ಚುಗಾರಿಕೆ.

ಕ್ಲಿಕ್ಕಪ್ಪ · 8:02

ಹಾಗಂದ್ರೆ ಗದ್ದೆ ನಾಟಿ ಮಾಡೋ ಹೆಂಗಸರೂ ಬೂಟು ತೊಳೀಬೇಕಾ

ಮಣ್ಣುಮುಕ್ಕ · 8:04

ಅವರು ಬರಿಗಾಲಲ್ಲಿ ಇಳೀತಾರೆ ಸ್ವಾಮಿ. ಆಗುಂಬೆ ಗದ್ದೆಯಿಂದ ಕೊಡಗಿನ ಗದ್ದೆಗೆ ಅದೇ ರಾತ್ರಿ ಕಾರಲ್ಲೂ ಹೋಗಲ್ಲ.

ಸೊರಬದ ಸೋಮಾರಿ · 8:20

😂😂 ತಕ್ಕಡೀಲಿ ಕಪ್ಪೆ ತೂಗೋಕೆ ಕೂತಿದೀರಿ ಇಬ್ರೂ

ಹಳೇ ಲೆನ್ಸು · 9:10

ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ತುಂಗೆದಡ ಅವರೇ, ಬಿಳಿ ಹೊಳಪು ಯಾಕೆ ಅಂದ್ರೆ ಕಪ್ಪೆ ಮೈ ಒದ್ದೆ, ಅಂದರೆ ಕನ್ನಡಿ. ಕ್ಯಾಮೆರಾ ತಲೆ ಮೇಲಿನ ಪುಟ್ಟ ಫ್ಲಾಶ್ ಒಂದು ಚುಕ್ಕಿಯಷ್ಟು ಬೆಳಕು. ಆ ಚುಕ್ಕಿಯೇ ಬೆನ್ನ ಮೇಲೆ ಕೂತ್ಕೊಳ್ಳುತ್ತೆ. ಬೆಳಕಿನ ಮೂಲವನ್ನು ಕಪ್ಪೆಗಿಂತ ದೊಡ್ಡದು ಮಾಡಬೇಕು, ಅಷ್ಟೇ.

ನನ್ನ ಡಿಫ್ಯೂಸರ್‌ಗೆ (ಬೆಳಕು ಹರಡಿಸೋ ಪರದೆ) ಖರ್ಚಾದದ್ದು ಸೊನ್ನೆ ರೂಪಾಯಿ. ಅರ್ಧ ಲೀಟರ್ ಹಾಲಿನ ಕವರ್ ತೊಳೆದು ಬಿಳಿ ಒಳಮೈ ಹೊರಗೆ ಮಾಡಿ, ಮದುವೆ ಕಾಗದದ ದಪ್ಪ ರಟ್ಟಿಗೆ ಅಂಟಿಸಿ, ಫ್ಲಾಶ್ ಮುಂದೆ ಒಂದು ಗೇಣು ಚಾಚಿಕೊಳ್ಳೋ ಹಾಗೆ ರಬ್ಬರ್ ಬ್ಯಾಂಡ್ ಹಾಕಿದ್ದು. ಷಟರ್ 1/160, ಎಫ್ 11, ಐಎಸ್‌ಓ 400ರಿಂದ ಶುರು ಮಾಡಿ. ಫೋಕಸ್ ಕಣ್ಣಿಗೆ. ಬೆನ್ನು ಮಸುಕಾದರೂ ನಡೆಯುತ್ತೆ, ಕಣ್ಣು ಮಸುಕಾದ್ರೆ ಡಿಲೀಟ್.

ಮತ್ತೆ ನಿಂತು ಮೇಲಿಂದ ಹೊಡೀಬೇಡಿ. ಬಗ್ಗಿ, ಕೂತು, ಬೇಕಾದ್ರೆ ಕಂಬಳಿ ಕೊಪ್ಪೆ ಹಾಸಿ ಮಲಗಿ, ಕಪ್ಪೆ ಕಣ್ಣಿನ ಮಟ್ಟಕ್ಕೆ ಬನ್ನಿ. 18-55ರಲ್ಲೂ ಒಳ್ಳೇದು ಬರುತ್ತೆ. ಕಪ್ಪೆ ಜೊತೆ ಹೊಂಡ, ಮರ, ಮಳೆ ಎಲ್ಲಾ ಬರೋ ಹಾಗೆ ಅಗಲಕ್ಕೆ ತೆಗೀರಿ. ಕರಿ ಕಂಬಳಿ ಮುಂದೆ ತೆಗೆದ ಕಪ್ಪೆ ತೀರ್ಥಹಳ್ಳಿದಾದರೇನು ಬೊಲಿವಿಯಾದ್ದಾದರೇನು, ಎರಡೂ ಒಂದೇ.

ಸಾಗರದ ಸೊಸೆ · 9:31

ಮೊಬೈಲಿನವರಿಗೆ ಹೇಳಿ ಸಾರ್. ನಮ್ಮತ್ರ ಕ್ಯಾಮೆರಾ ಇಲ್ಲ.

ಹಳೇ ಲೆನ್ಸು · 9:40

ಮೊಬೈಲ್ ಫ್ಲಾಶ್ ಆಫ್. ಇನ್ನೊಬ್ಬರ ಕೈಲಿ ಟಾರ್ಚ್ ಕೊಟ್ಟು ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಹಿಡಿಸಿ. ಟಾರ್ಚ್ ಮುಂದೆ ತೆಳು ಬಿಳಿ ಬಟ್ಟೆ. ಪರದೆ ಮೇಲೆ ಕಣ್ಣಿನ ಜಾಗ ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತೆ. ಕೂಗೋ ಕಪ್ಪೆ ಆದ್ರೆ ಬೆಳಕು ಬಿದ್ದ ಕೂಡಲೇ ಸುಮ್ಮನಾಗುತ್ತೆ. ದೀಪ ಆರಿಸಿ ಹತ್ತು ನಿಮಿಷ ಅಲ್ಲಾಡದೆ ಕೂರಿ, ಮತ್ತೆ ಶುರು ಮಾಡುತ್ತೆ. ಆಗ ಟಾರ್ಚಿಗೆ ಕೆಂಪು ಬಳೆಕಾಗದ ಸುತ್ತಿ ನೋಡಿ. ಐದಾರು ಫೋಟೋ ಆದಮೇಲೆ ಜಾಗ ಬಿಡಿ, ರಾತ್ರಿ ಕಣ್ಣಿನ ಪ್ರಾಣಿ ಅದು.

ಅಡಿಕೆಮನೆ · 9:55

ಇನ್ನೊಂದು, ಕ್ಯಾಮೆರಾ ಮಳೆಗಾಲದಲ್ಲಿ ಬ್ಯಾಗಲ್ಲಿ ಮುಚ್ಚಿಡಬೇಡಿ. ನನ್ನ ಲೆನ್ಸಿನೊಳಗೆ ಜೇಡರ ಬಲೆ ಹಾಗೆ ಬೂಷ್ಟು ಹಬ್ಬಿ ಹೋಯ್ತು. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬ ಬೇಕು. ನಮ್ಮಪ್ಪ ಅಡಿಕೆ ಬೇಯಿಸೋ ಒಲೆ ಪಕ್ಕ ಇಡು ಬೆಚ್ಚಗಿರ್ತದೆ ಅಂದ್ರು, ಇಟ್ಟೆ. ಈಗ ಆ ಕ್ಯಾಮೆರಾ ಚೊಗರಿನ ವಾಸನೆ ಬರ್ತದೆ.

ಗೊದಮೊಟ್ಟೆ · 10:30

ಯಾರೋ ಹಾರುಕಪ್ಪೇನ ಎತ್ತಿ ಎಸೆದು "ಹಾರೋ" ಫೋಟೋ ತೆಗೀತಾರಂತೆ, ಹೌದಾ?

ಮಣ್ಣುಮುಕ್ಕ · 10:41

ನನ್ನ ಕಣ್ಣಾರೆ ನೋಡಿದೀನಿ. ಘಟ್ಟದ ಮೇಲಿನ ಒಂದು ಹೋಂಸ್ಟೇ, ಹೆಸರು ಬೇಡ. ಅತಿಥಿಗಳು ಬರೋ ಮೊದಲೇ ಸಂಜೆ ಕಪ್ಪೆ ಹಿಡಿದು ಡಬ್ಬಿಯಲ್ಲಿ ಇಟ್ಟಿರೋರು. ಒಬ್ಬ ಎಸೀತಾನೆ, ಆರು ಜನ ಬರ್ಸ್ಟ್‌ನಲ್ಲಿ ಒಂದರ ಹಿಂದೊಂದು ಫೋಟೋ ಹೊಡೀತಾರೆ. ಕಾಲಿನ ಕಿತ್ತಳೆ ಪೊರೆ ಬಿಚ್ಚಿಕೊಳ್ಳೋದು ಬೇಕಲ್ಲ ಫೋಟೋಗೆ. ಕಪ್ಪೆ ತಾನಾಗಿ ಮರದಿಂದ ಹತ್ತು ಹನ್ನೆರಡು ಮೀಟರ್ ತೇಲಿಕೊಂಡು ಬರ್ತದೆ, ಕಾಯೋ ವ್ಯವಧಾನ ಇಲ್ಲ. ಕೆಲವರು ಅಲ್ಲಾಡಬಾರದು ಅಂತ ಫ್ರಿಜ್ಜಿನಲ್ಲಿ ಇಡೋದೂ ಉಂಟು. ತಣ್ಣಗಾದ ಕಪ್ಪೆ "ಶಾಂತವಾಗಿ" ಕೂರ್ತದೆ. ಅದು ಮರಗಟ್ಟಿರೋದು, ಶಾಂತಿ ಅಲ್ಲ.

ಕ್ಲಿಕ್ಕಪ್ಪ · 10:50

ಅದನ್ನ ನಾನೂ ಒಪ್ಪಲ್ಲ. ಎಸೆಯೋದಕ್ಕೂ ಎತ್ತಿ ಇಡೋದಕ್ಕೂ ವ್ಯತ್ಯಾಸ ಇದೆ ಅನ್ನೋದಷ್ಟೇ ನನ್ನ ವಾದ.

ನೀಲನೇತ್ರೆ · 11:20

ಎತ್ತಿ ಇಟ್ಟರೆ ಇನ್ನೊಂದು ನಷ್ಟ ಇದೆ, ಯಾರೂ ಹೇಳಲಿಲ್ಲ. ಫೋಟೋ ಸುಳ್ಳಾಗುತ್ತೆ. ಕೆಸರಿನ ಕಪ್ಪೆಯನ್ನು ಎಲೆ ಮೇಲೆ ಕೂರಿಸಿದರೆ ನೋಡಿದವರು ಅದು ಮರಗಪ್ಪೆ ಅಂದುಕೊಳ್ತಾರೆ. ಜನ ತಾವು ಕಂಡ ಜೀವಿಗಳನ್ನು ದಾಖಲಿಸೋ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ಆ ಸುಳ್ಳು ದಾಖಲೆಯಾಗಿ ಕೂರುತ್ತೆ.

ಯಾವ ಕಪ್ಪೆ ಯಾವ ಜಾಗದಲ್ಲಿ ಕೂತು ಏನು ಮಾಡ್ತಿತ್ತು ಅನ್ನೋದೇ ಮುಖ್ಯ. ಜೋಗದ ಆಚೆ ಕತ್ತಲೆಕಾನಿನ ಕುಂಬಾರ ಕಪ್ಪೆ ನೆನಪಿಸಿಕೊಳ್ಳಿ. ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಜೊತೆಯವರು 2014ರಲ್ಲಿ ಅದಕ್ಕೆ ಕುಂಬಾರ ಅಂತಲೇ ಹೆಸರಿಟ್ಟರು. ಹೆಣ್ಣು ಮುಂಗಾಲ ಮೇಲೆ ತಲೆಕೆಳಗಾಗಿ ನಿಂತು ಮೊಟ್ಟೆ ಇಡುತ್ತೆ, ಆಮೇಲೆ ಗಂಡು ಹಳ್ಳದ ಮಣ್ಣು ತಂದು ಮೊಟ್ಟೆಗೆ ಮೆತ್ತುತ್ತೆ. ಅದನ್ನು ಎತ್ತಿ ಪಾಚಿ ಕಲ್ಲಿನ ಮೇಲೆ ಕೂರಿಸಿ "ಸುಂದರ" ಫೋಟೋ ತೆಗೆದಿದ್ದರೆ ಈ ಕತೆ ಗೊತ್ತಾಗ್ತಿತ್ತಾ? ರಾತ್ರಿಗಟ್ಟಲೆ ನೀರಲ್ಲಿ ಕೂತು ನೋಡಿದ್ದಕ್ಕೆ ಗೊತ್ತಾಯ್ತು.

ಗುರುತು ಹಿಡಿಯೋಕೆ ಬೇಕಾದ ಫೋಟೋನೇ ಬೇರೆ: ಪಕ್ಕದಿಂದ ಒಂದು (ಕಣ್ಣು, ಕಿವಿಪೊರೆ ಕಾಣೋ ಹಾಗೆ), ಬೆನ್ನು ಒಂದು, ಬೆರಳಿನ ನಡುವಿನ ಪೊರೆ ಒಂದು. ಎಲ್ಲಕ್ಕಿಂತ ಕೂಗಿನ ರೆಕಾರ್ಡಿಂಗ್. ಪೊದೆಗಪ್ಪೆಗಳಲ್ಲಿ ಎಷ್ಟೋ ಜಾತಿ ಕಣ್ಣಿಗೆ ಒಂದೇ ಥರ, ಕೂಗು ಬೇರೆ. ಅವು ನೀರನ್ನೂ ನೆಚ್ಚಲ್ಲ ಗೊತ್ತಾ, ಗೊದಮೊಟ್ಟೆ ಹಂತವೇ ಇಲ್ಲ, ಮೊಟ್ಟೆಯಿಂದ ಸೀದಾ ಪುಟಾಣಿ ಕಪ್ಪೆ.

ಗೊದಮೊಟ್ಟೆ · 11:24

ಗೊದಮೊಟ್ಟೆ ಇಲ್ವಾ?! ನನಗೆ ಅವಮಾನ

ಸೊರಬದ ಸೋಮಾರಿ · 11:40

ಹೆಸರು ನೀಲನೇತ್ರೆ ಯಾಕೆ ಅಕ್ಕಾ?

ನೀಲನೇತ್ರೆ · 11:46

ಹಳದಿ ಮೈ, ಕಣ್ಣ ಸುತ್ತ ನೀಲಿ ಬಳೆ ಇರೋ ಪೊದೆಗಪ್ಪೆ. 2007ರಲ್ಲಿ ಶರಾವತಿ ಕಣಿವೆಯಿಂದ "ನೀಲನೇತ್ರ" ಅಂತಲೇ ಹೆಸರಿಟ್ಟು ವರ್ಣಿಸಿದ್ದರು. ಆಮೇಲೆ ಅದು ಮೊದಲೇ ಹೆಸರಿದ್ದ ಇನ್ನೊಂದು ಜಾತಿಯೇ ಅಂತ ಸೇರಿಸಿಬಿಟ್ಟರು. ಹೆಸರು ಅನಾಥ ಆಯ್ತಲ್ಲ, ನಾನು ಇಟ್ಕೊಂಡೆ.

ಶೃಂಗೇರಿ ಭಟ್ರು · ಮಧ್ಯಾಹ್ನ 1:15

ನೊರೆಗೂಡು ಕಡಿದವನನ್ನು ಒಮ್ಮೆ ಶೃಂಗೇರಿಗೆ ಕರೆದುಕೊಂಡು ಬಂದು ತುಂಗೆ ಮೆಟ್ಟಿಲಿನ ಕಪ್ಪೆ ಶಂಕರನ ಮುಂದೆ ನಿಲ್ಲಿಸಿ. ಬಸುರಿ ಕಪ್ಪೆಗೆ ಬಿಸಿಲಿನಲ್ಲಿ ಹಾವೇ ಹೆಡೆಬಿಚ್ಚಿ ನೆರಳು ಕೊಟ್ಟ ಜಾಗ. ಹಾವಿಗಿದ್ದ ಬುದ್ಧಿ ಭಾವನಿಗೆ ಇಲ್ಲದೆ ಹೋಯಿತೇ!

ತುಂಗೆದಡ · 1:20

ಅಮ್ಮನೂ ಇದನ್ನೇ ಹೇಳಿ ಬೈದಳು 🙏

ಬಯಲುಸೀಮೆ ಹುಡುಗ · 1:32

ನಮ್ ಕಡೆ ಮಳೆ ಬರ್ಲಿಲ್ಲ ಅಂದ್ರೆ ಕಪ್ಪೆಗೆ ಮದುವೆ ಮಾಡ್ತೀವಿ, ನಿಮ್ ಕಡೆ ಮಳೆ ಜಾಸ್ತಿ ಆದ್ರೆ ಡೈವೋರ್ಸ್ ಮಾಡಿಸ್ತೀರಾ

ಸೊರಬದ ಸೋಮಾರಿ · 1:35

ಬಾದಾಮಿಯಲ್ಲಿ ಕಪ್ಪೆ ಅರಭಟ್ಟ ಅಂತ ಒಬ್ಬನ ಶಾಸನವೇ ಇದೆ. ಅವನು ಮದುವೆ ಪುರೋಹಿತ ಇರಬಹುದು 😄

ಶೃಂಗೇರಿ ಭಟ್ರು · 1:41

ಕನ್ನಡದ ಹಳೇ ತ್ರಿಪದಿ ಇರುವ ಶಾಸನ ಅದು. ತಮಾಷೆಗೂ ಒಂದು ಮಿತಿ ಇರಲಿ.

ಸಾಗರದ ಸೊಸೆ · 3:05

ಕಪ್ಪೆ ಗಲಾಟೆ ನಡುವೆ ನನ್ನದೊಂದು ಆಮೆ ಪ್ರಶ್ನೆ. ಗಂಡನ ಮನೆ ಬಾವಿಯಲ್ಲಿ ಒಂದು ಆಮೆ ಇದೆ. ಮಾವನ ಅಪ್ಪ ಬಿಟ್ಟಿದ್ದಂತೆ, ಬಾವಿ ಶುಚಿಯಾಗಿರ್ತದೆ ಅಂತ. ಬೆಳಿಗ್ಗೆ ಬಿಂದಿಗೆ ಇಳಿಸಿದರೆ ಹಗ್ಗದ ಸದ್ದಿಗೆ ಮೇಲೆ ಬಂದು ಮೂಗು ಮಾತ್ರ ತೋರಿಸಿ ಮುಳುಗ್ತದೆ. ಎಷ್ಟು ಸಲ ತೆಗೆದರೂ ಫೋಟೋದಲ್ಲಿ ನನ್ನ ಮುಖದ ನೆರಳು, ಆಕಾಶ ಇಷ್ಟೇ. ಹೇಗೆ ತೆಗೆಯೋದು? ಯಾವ ಆಮೆ ಅಂತ ತಿಳಿಯೋದು ಹೇಗೆ?

ಹಳೇ ಲೆನ್ಸು · 3:30

ನೀರಿನ ಮೇಲಿನ ಪ್ರತಿಫಲನ ಕಡಿಮೆ ಮಾಡೋಕೆ ಪೋಲರೈಸರ್ ಅಂತ ಫಿಲ್ಟರ್ ಬರುತ್ತೆ. ಆದರೆ ನೇರ ಮೇಲಿಂದ ನೋಡಿದ್ರೆ ಅದೂ ಹೆಚ್ಚು ಕೆಲಸ ಮಾಡಲ್ಲ, ಓರೆಯಾಗಿ ನೋಡಬೇಕು. ಸುಲಭದ್ದು: ಕರಿ ಕೊಡೆ ಬಿಚ್ಚಿ ನಿಮ್ಮ ತಲೆ ಮೇಲೆ ಹಿಡಿಸಿ. ಆಕಾಶ ಮರೆಯಾಗುತ್ತೆ, ನೀರಿನ ಒಳಗೆ ಕಾಣುತ್ತೆ. ಮೊಬೈಲಿಗೆ ದಾರ ಕಟ್ಟಿಕೊಳ್ಳಿ, ಬಾವಿ ಕಟ್ಟೆ ಮೇಲೆ ಬಗ್ಗುವಾಗ ಎಷ್ಟೋ ಮೊಬೈಲ್ ಗಂಗಾರ್ಪಣ ಆಗಿವೆ.

ಉಂಬಳೇಶ್ವರ · 3:44

ಚಿಪ್ಪು ಗಟ್ಟಿ, ಕರಿ ಬಣ್ಣ, ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು ಇದ್ದರೆ ಕರಿ ಆಮೆ. ಚಿಪ್ಪು ಚಪ್ಪಟೆ, ಮೇಲೆ ಚರ್ಮ ಹೊದಿಸಿದ ಹಾಗೆ ನುಣುಪು, ಮೂಗು ಕೊಳವೆ ಥರ ಮುಂದೆ ಬಂದಿದ್ದರೆ ಮೆದುಚಿಪ್ಪಿನ ಜಾತಿ. ಹಿಂಗಾಲು ಒಳಗೆಳೆದಾಗ ಹೊಟ್ಟೆ ಕಡೆಯಿಂದ ಎರಡು ಮುಚ್ಚಳ ಮುಚ್ಚಿಕೊಂಡರೆ ಫ್ಲಾಪ್‌ಶೆಲ್. ನಮ್ಮ ಕೆರೆಗಳಲ್ಲಿ ಸಾಮಾನ್ಯ. ಉತ್ತರದ ಕಡೆ ಅದಕ್ಕೆ ಹಳದಿ ಚುಕ್ಕಿ ಇರ್ತವೆ, ನಮ್ಮ ಕಡೆದಕ್ಕೆ ಇಲ್ಲ. ನೆಟ್ಟಿನಲ್ಲಿ ಚುಕ್ಕಿ ಫೋಟೋ ನೋಡಿ "ಇದು ಬೇರೆ ಆಮೆ" ಅಂದುಕೊಳ್ಳಬೇಡಿ.

ನೀಲನೇತ್ರೆ · 3:58

ಕಹಿ ಮಾತು ಒಂದು. ಫ್ಲಾಪ್‌ಶೆಲ್ ಆಗಿದ್ದರೆ ಅದು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಹುಲಿಗಿರೋ ರಕ್ಷಣೆಯೇ ಅದಕ್ಕೂ. ಹಿಡಿದು ಇಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲಿನ ಕಲಮು. ಹಳಬರು ತಿಳಿಯದೆ ಬಿಟ್ಟದ್ದು, ಸರಿ. ಆದರೆ ಕಲ್ಲು ಕಟ್ಟಿದ ಬಾವಿಯಿಂದ ಅದು ಹತ್ತಿ ಬರೋ ಹಾಗಿಲ್ಲ, ಮೊಟ್ಟೆ ಇಡೋಕೆ ನೆಲ ಇಲ್ಲ, ಬಿಸಿಲು ಕಾಯೋಕೆ ಕಲ್ಲಿಲ್ಲ. ಫೋಟೋ ತೆಗೆದು ಯಾವ ಜಾತಿ ಅಂತ ನೋಡಿ ಅರಣ್ಯ ಇಲಾಖೆಯವರನ್ನೇ ಕೇಳಿ. ನೀವಾಗೇ ಎತ್ತಿಕೊಂಡು ಹೋಗಿ ಎಲ್ಲೋ ಬಿಡಬೇಡಿ.

ಸಾಗರದ ಸೊಸೆ · 4:10

ಮಾವನಿಗೆ ಇದನ್ನ ಹೇಳೋದು ಯಾರು 😐 ಅವರು ಆಮೆಗೆ ದಿನಾ ಮೊದಲ ತುತ್ತು ಅನ್ನ ಹಾಕ್ತಾರೆ.

ಅಡಿಕೆಮನೆ · 4:32

ಎಲ್ಲೋ ಬಿಡೋದು ಅಂದಾಗ ನೆನಪಾಯ್ತು. ನಮ್ಮ ಕಡೆ ಒಬ್ಬ ರಸ್ತೆ ದಾಟುತ್ತಿದ್ದ ಆಮೆಯನ್ನ "ಪಾಪ, ನೀರಿಲ್ಲದೆ ಒದ್ದಾಡ್ತಿದೆ" ಅಂತ ಕಾರಲ್ಲಿ ತಂದು ಹೊಳೆಗೆ ಎಸೆದ. ವಿಡಿಯೋ ಬೇರೆ, ಹಿನ್ನೆಲೆ ಸಂಗೀತ ಸಮೇತ. ಅದು ಆನೆಕಾಲಿನ ನೆಲದ ಆಮೆ! ನೆಲದ ಆಮೆಗೆ ಈಜು ಬರಲ್ಲ, ಕಲ್ಲಿನ ಹಾಗೆ ಮುಳುಗಿತು. ಕನ್ನಡದಲ್ಲಿ ಎರಡಕ್ಕೂ ಆಮೆ ಅಂತ ಒಂದೇ ಹೆಸರು, ಅದರದೇ ಎಡವಟ್ಟು. ಕಾಲು ನೋಡಿ: ಬೆರಳ ನಡುವೆ ಪೊರೆ ಇದ್ರೆ ನೀರಿಂದು, ಒರಳುಗುಂಡಿನ ಹಾಗೆ ಮೋಟು ಕಾಲು ಇದ್ರೆ ನೆಲದ್ದು. ರಸ್ತೆ ದಾಟಿಸೋದಾದ್ರೆ ಅದು ಮುಖ ಮಾಡಿದ ಕಡೆಗೇ ದಾಟಿಸಿ ಬಿಡಿ, ಅಷ್ಟೇ.

ಮಣ್ಣುಮುಕ್ಕ · 4:45

ಎತ್ತುವಾಗ ಎರಡೂ ಪಕ್ಕ ಹಿಡಿದು ನೆಲಕ್ಕೆ ಹತ್ತಿರವಾಗಿಯೇ ಎತ್ತಿ, ಹೊಟ್ಟೆ ತೋರಿಸೋಕೆ ಅಂಗಾತ ಮಾಡಬೇಡಿ. ಹೆದರಿದ ನೆಲಾಮೆಯೂ ಕಪ್ಪೆ ಹಾಗೇ ಕೂಡಿಟ್ಟ ನೀರು ಬಿಟ್ಟುಬಿಡ್ತದೆ. ಅಂಗಡಿಯಲ್ಲಿ ಸಿಗೋ ಕೆಂಪು ಕಿವಿಯ ಅಮೆರಿಕದ ಆಮೆ ಸಾಕಿ ಬೇಜಾರಾಗಿ ಕೆರೆಗೆ ಬಿಡೋರೂ ಇದಾರೆ. ದಯವಿಟ್ಟು ಬೇಡ, ನಮ್ಮ ಆಮೆಗಳ ಊಟ ಜಾಗ ಎರಡೂ ಅದು ಹೊಡೀತದೆ.

ಕ್ಲಿಕ್ಕಪ್ಪ · 5:20

ಆಮೆ ಫೋಟೋಗಾದರೂ ನಾನು ಮುಟ್ಟಲ್ಲ. ಕಲ್ಲಿನ ಮೇಲೆ ಬಿಸಿಲು ಕಾಯ್ತಿರೋ ಆಮೆ ಹತ್ರ ಹೋಗೋದೇ ಕಷ್ಟ, ಇಪ್ಪತ್ತು ಮಾರು ದೂರದಲ್ಲೇ ಡುಬುಕ್. ಗಾಜನೂರು ಕಡೆ ತುಂಗೆಯಲ್ಲಿ ಎರಡು ಭಾನುವಾರ ಕೂತು ಒಂದು ಬಾಲದ ಫೋಟೋ ಸಿಕ್ಕಿದೆ.

ಗೊದಮೊಟ್ಟೆ · 5:22

ಬಾಲ ಹಾಕಿ ನೋಡೋಣ

ಪುಟ್ಟಕ್ಕನ ಮಗ · 7:40

ತಡವಾಗಿ ಬಂದೆ. ಗೊಬ್ಬರಗುಂಡಿ ಫೋಟೋ ಯಾರೂ ಹೇಳಲಿಲ್ಲ. ಹೋದ ವರ್ಷ ಗುಂಡಿಯ ಗೊಬ್ಬರ ತೋಡುವಾಗ ಮೊಳದುದ್ದದ್ದು ಒಂದು ಬಂತು. ನೇರಳೆ ಮಿಶ್ರಿತ ಕಂದು, ಮೈ ತುಂಬ ಉಂಗುರ, ಎರಡೂ ಪಕ್ಕ ಹಳದಿ ಗೆರೆ, ಲೋಳೆ ಲೋಳೆ. ಕೆಲಸದವರು ಎರಡು ತಲೆ ಹಾವು ಅಂತ ಹಾರೆ ಎತ್ತಿದರು. ನಾನು ಹಾರೆ ಹಿಡಿದುಕೊಂಡೆ. ಹತ್ತಿರ ನೋಡಿದರೆ ಕಣ್ಣು ಸಾಸಿವೆ ಕಾಳಿನಷ್ಟು, ಚರ್ಮದ ಕೆಳಗೆ ಚುಕ್ಕಿ. ಹುರುಪೆ ಇಲ್ಲ. ಸಿಸಿಲಿಯನ್ ಅಂತ ಆಮೇಲೆ ಗೊತ್ತಾಯ್ತು, ಕಪ್ಪೆಯ ನೆಂಟ, ಕಾಲಿಲ್ಲದ ಉಭಯವಾಸಿ. ವಿಷ ಹಾಕಿ ಕಚ್ಚೋದಲ್ಲ, ಎರೆಹುಳು ಗೆದ್ದಲು ತಿಂದು ಮಣ್ಣೊಳಗೆ ಬದುಕೋದು. ಆ ಜಾತಿಯ ತಾಯಿ ಮೊಟ್ಟೆಗೆ ಸುರುಳಿ ಸುತ್ತಿ ಕಾವಲು ಕೂರ್ತದಂತೆ. ಗೊಬ್ಬರದ ಮೇಲೇ ಮೂರು ಫೋಟೋ ತೆಗೆದೆ, ಅಷ್ಟರಲ್ಲಿ ಬೆಣ್ಣೆಯೊಳಗೆ ಚಾಕು ಇಳಿದ ಹಾಗೆ ಒಳಗೆ ಇಳಿದುಹೋಯ್ತು.

ನೀಲನೇತ್ರೆ · 7:52

ಗೊಬ್ಬರದ ಮೇಲಿನ ಆ ಫೋಟೋ ಹಾಕಿ. ಕರಿ ಬಟ್ಟೆ ಮೇಲಿನದಕ್ಕಿಂತ ನೂರು ಪಾಲು ಬೆಲೆ ಅದಕ್ಕೆ.

ಉಂಬಳೇಶ್ವರ · 8:15

ಹಿತ್ತಿಲು ಅಂತ ಸಸಾರ ಮಾಡಬೇಡಿ. ಮಣಿಪಾಲದಂಥ ಊರಿನ ಮಗ್ಗುಲಲ್ಲೇ, ಮುರಕಲ್ಲಿನ ಬಯಲಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ಕಪ್ಪೆ ಹೊಸ ಜಾತಿ ಅಂತ 2016ರಲ್ಲಿ ದಾಖಲಾಯ್ತು. ಆ ಬಯಲಲ್ಲಿ ಜನ ಕ್ರಿಕೆಟ್ ಆಡ್ತಿದ್ರು.

ಮತ್ತೆ ಹುಷಾರು ಮಾರಾಯ್ರೆ, ಕಪ್ಪೆ ಕೂಗೋ ಜಾಗಕ್ಕೆ ನಾವೊಬ್ಬರೇ ಅಲ್ಲ ಗಿರಾಕಿ. ಗುಳಿಮಂಡಲದ ಹಾವು (ಪಿಟ್ ವೈಪರ್) ಅದೇ ಕೊಂಬೆ ಮೇಲೆ ಎಲೆ ಬಣ್ಣದಲ್ಲಿ ಕೂತಿರ್ತದೆ. ಕೈ ಇಡೋ ಮುಂಚೆ ಟಾರ್ಚ್ ಹಾಕಿ. ಕಾಡೊಳಗೆ ರಾತ್ರಿ ಹೋಗೋದಾದರೆ ಇಲಾಖೆ ಅನುಮತಿ ಬೇಕೇ ಬೇಕು, ಹಿತ್ತಿಲಿಗೆ ಅಮ್ಮನ ಅನುಮತಿ ಸಾಕು.

ಮಲ್ಲಿಗೆ ಬಳ್ಳಿ · 8:30

ಕಪ್ಪೆ ಉಚ್ಚೆ ಬಿದ್ದರೆ ನರುಳ್ಳಿ ಏಳ್ತವೆ ಅಂತಾರೆ ನಿಜಾನಾ? ನಮ್ಮ ಮಗ ದಿನಾ ಗೋಂಕರ ಕಪ್ಪೆ ಹಿಡೀತಾನೆ.

ಮಣ್ಣುಮುಕ್ಕ · 8:36

ಇಲ್ಲ, ನರುಳ್ಳಿ ಮನುಷ್ಯರಿಂದ ಮನುಷ್ಯರಿಗೆ ಬರೋ ವೈರಸ್ಸು. ಆದರೆ ನೆಲಗಪ್ಪೆಯ ಕಿವಿ ಹಿಂದಿನ ಗುಬುಟಿನಲ್ಲಿ ವಿಷದ ಹಾಲು ಇರ್ತದೆ. ಮುಟ್ಟಿದ ಕೈ ಕಣ್ಣಿಗೆ ಹೋಗಬಾರದು, ಸೋಪು ಹಾಕಿ ತೊಳೆಸಿ. ನಮ್ಮ ನಾಯಿ ಒಂದನ್ನ ಕಚ್ಚಿ ಬಾಯಲ್ಲಿ ನೊರೆ ಸುರಿಸ್ಕೊಂಡು ಅಂಗಳ ತುಂಬ ಓಡಿತ್ತು.

ತುಂಗೆದಡ · ಜೂನ್ 16, ಬೆಳಿಗ್ಗೆ 6:50

ಗೂಡು ಹಾಗೇ ಇದೆ. ಹೊಸ ತಲೆನೋವು: ಮಳೆ ಒಂದು ಹೊಳವು ಕೊಟ್ಟರೆ ಅಪ್ಪ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು ಅಂತ ಗೌಡ್ರಿಗೆ ಹೇಳಿಬಿಟ್ಟಿದ್ದಾರೆ. ಹೊಂಡದ ಮೇಲೇ ನಾಲ್ಕು ಅಡಿಕೆ ಮರ ಇವೆ.

ಅಡಿಕೆಮನೆ · 7:05

ಬೋರ್ಡೋದಲ್ಲಿರೋ ಮೈಲುತುತ್ತ ಗೊದಮೊಟ್ಟೆಗೆ ವಿಷವೇ. ಔಷಧಿ ಹೊಡೀಬೇಡಿ ಅಂತ ನಾನು ಯಾರಿಗೂ ಹೇಳಲ್ಲ, ಕೊಳೆ ಬಂದರೆ ಉದುರಿದ ಕಾಯಿ ಮುಂದೆ ಕೂತು ಅಳೋದು ನಾವೇ. ಆದರೆ ದ್ರಾವಣ ಕದಡೋ ಬ್ಯಾರಲ್ಲು ಹೊಂಡದಿಂದ ದೂರ ಇಡಿಸಿ, ಪಂಪು ಪೈಪು ಹೊಂಡದಲ್ಲಿ ತೊಳೆಯೋದು ಬೇಡ. ಹೊಂಡದ ಮೇಲಿನ ನಾಲ್ಕು ಮರಕ್ಕೆ ಈ ಸಲ ಔಷಧಿ ಬದಲು ಕೊಟ್ಟೆ (ಗೊನೆಗೆ ಮಳೆ ತಾಗದ ಹೊದಿಕೆ) ಕಟ್ಟಿಸಿ. ಅಪ್ಪ ಒಪ್ಪದಿದ್ರೆ ಅಮ್ಮನ ಮೂಲಕ ಹೇಳಿಸು.

ತುಂಗೆದಡ · 7:08

ಅಮ್ಮ ಈಗ ನನ್ನ ಜೊತೆ ಮಾತಾಡ್ತಿದ್ದಾಳೆ, ಹೇಳಿಸ್ತೀನಿ.

ನೀಲನೇತ್ರೆ · 7:30

ಫೋಟೋ ಹಾಕುವಾಗ ಊರ ಹೆಸರು, ಜಿಪಿಎಸ್ ಎರಡೂ ತೆಗೆದು ಹಾಕಿ. ಮೊದಲ ಸಾಲಲ್ಲೇ ದಾರಿ ಹೇಳಿಬಿಟ್ಟಿದ್ದೀರಿ, ತಿದ್ದಿ. ಮುಂದಿನ ಶನಿವಾರ ನಿಮ್ಮ ಗೇಟಿನ ಮುಂದೆ ನಾಲ್ಕು ಕಾರು ನಿಂತಾವು.

ತುಂಗೆದಡ · ಜೂನ್ 19, ರಾತ್ರಿ 11:25

ಬಿದ್ದವು!!

ಸಂಜೆಯಿಂದ ಜಡಿಮಳೆ. ಒಂಬತ್ತು ಗಂಟೆಗೆ ಅಮ್ಮನೇ ಕೊಡೆ ಹಿಡಿದು ಬಂದಳು. ಗೂಡಿನ ಕೆಳಭಾಗ ಮೆತ್ತಗಾಗಿ ಮೊಸರಿನ ಹಾಗೆ ಜೋತುಬಿದ್ದಿತ್ತು. ತುದಿಯಲ್ಲಿ ಒಂದು ಹನಿ ತುಂಬ್ತಾ ಬರ್ತದೆ, ಹನಿಯೊಳಗೆ ಎರಡು ಮೂರು ಬಾಲ ಪಟಪಟ ಅಂತವೆ, ತೊಟ್ಟು ಕಳಚಿ ಟಪ್. ಮತ್ತೆ ಇನ್ನೊಂದು ಹನಿ. ಮಳೆ ಹನಿ ಯಾವುದು ಮರಿ ಯಾವುದು ಅಂತ ಸದ್ದಿನಲ್ಲೇ ಗೊತ್ತಾಗ್ತಿತ್ತು, ಮರಿ ಬಿದ್ದರೆ ಸ್ವಲ್ಪ ಮೊದ್ದು ಸದ್ದು. ನಲವತ್ತರ ತನಕ ಎಣಿಸಿದ್ವಿ, ಆಮೇಲೆ ಲೆಕ್ಕ ತಪ್ಪಿತು. ಕೆಲವು ಮೊಟ್ಟೆ ಹಾಗೇ ಬೆಳ್ಳಗೆ ಉಳಿದಿವೆ, ಅವು ಕೆಟ್ಟಿದ್ದಿರಬೇಕು.

ಹಾಲಿನ ಕವರು ಕಟ್ಟಿ ತೆಗೆದ ಫೋಟೋ ಹಾಕಿದೀನಿ, ಅಮ್ಮ ಟಾರ್ಚ್ ಹಿಡಿದದ್ದು.

ಬಯಲುಸೀಮೆ ಹುಡುಗ · 11:28

ಅಂತೂ ಫೋಟೋ ಬಂತಪ್ಪಾ!! 🐸🐸

ಹಳೇ ಲೆನ್ಸು · 11:40

ಹೊಳಪು ಹೋಗಿದೆ, ಹನಿ ಚೂಪಾಗಿ ಬಂದಿದೆ. ಆದರೆ ಬಲಗಡೆ ಮೂಲೇಲಿ ನೀಲಿ ಬಣ್ಣದ ಅದೇನು?

ತುಂಗೆದಡ · 11:42

ಮೋಟಾರ್ ವೈರು.

ಕ್ಲಿಕ್ಕಪ್ಪ · 11:50

ಅದನ್ನ ಕ್ರಾಪ್ ಮಾಡಿ, ಚಂದ ಕಾಣುತ್ತೆ.

ನೀಲನೇತ್ರೆ · 11:51

ಮಾಡಬೇಡಿ. ವೈರು ಇರಲಿ.

ಸಾಗರದ ಸೊಸೆ · ಜೂನ್ 20, ಬೆಳಿಗ್ಗೆ 8:10

ಕೊಡೆ ಉಪಾಯ ಕೆಲಸ ಮಾಡ್ತು. ಬೆನ್ನ ಮೇಲೆ ಮೂರು ಏಣು ಎಣಿಸಿದೆ, ಕರಿ ಆಮೆ. ಮಾವ ಕಟ್ಟೆ ಮೇಲೆ ಬಂದು ನೋಡಿ, ಇಷ್ಟು ವರ್ಷ ಅದರ ಬೆನ್ನು ನೋಡೇ ಇರಲಿಲ್ಲ ಅಂದ್ರು. ಇಲಾಖೆ ವಿಚಾರ ಇನ್ನೂ ಎತ್ತಿಲ್ಲ. ಇವತ್ತು ಅಮಾವಾಸ್ಯೆ ಅಲ್ವಾ ಅಂತ ಕೇಳಿದ್ರು, ನಾಳೆ ನೋಡೋಣ.